ಗ್ಯಾದರಿಂಗು, ಖೋ-ಖೋ ಮತ್ತು ಐದು ಗಂಟೆಯ ಊಟ



ಮಳೆಗಾಲದ ಚಾತುರ್ಮಾಸ ನಮಗೆಲ್ಲ ಧರ್ಮದ ಹಂಗಾಮು. ದಸರಾ-ದೀಪಾವಳಿ ವ್ಯಾಪಾರದ ಹಂಗಾಮು. ಚೋಪಡಿ ಪೂಜೆ ಮುಗಿದು, ಶಾಲೆಗಳ ದೀಪಾವಳಿ ರಜೆ ತೀರಿದ ಮೇಲೆ ಶುರುವಾಗುವ ಚಳಿಗಾಲ ಮಾತ್ರ ಪೂರ್ತಿ ಮಕ್ಕಳ ಹಂಗಾಮು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಈ ಭಾಗದಲ್ಲಿರುವ ನಮ್ಮ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನವೆಂಬರ್ 14ರ ಬಾಲ ದಿನದಿಂದ ಹಿಡಿದು ಜನವರಿ 26ರ ಪ್ರಭಾತಫೇರಿಯವರೆಗೆ ಒಂದಿಲ್ಲೊಂದು ಇದ್ದೇ ಇರುತ್ತದೆ. ಡಿಸೆಂಬರಿನಲ್ಲಿ ಶಾಲೆಯ ಕ್ರೀಡಾ ಮಹೋತ್ಸವ, ಅದರ ಬೆನ್ನಿಗೆ ಸ್ನೇಹಸಮ್ಮೇಳನ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಗ್ಯಾದರಿಂಗು. ಜನವರಿ 3ಕ್ಕೆ ಸಾವಿತ್ರಿಬಾಯಿ ಫುಲೆಯವರ ಜಯಂತಿ. ಅಂದು ಊರ ತುಂಬ ಪುಟ್ಟ ಪುಟ್ಟ ಸಾವಿತ್ರಿಬಾಯಿಯರು ನವವಾರಿ ಸೀರೆ ಉಟ್ಟು ನಡೆದಾಡುತ್ತಾರೆ. ಜನವರಿ 12ಕ್ಕೆ ಜಿಜಾಮಾತೆ ಮತ್ತು ಸ್ವಾಮಿ ವಿವೇಕಾನಂದರ ಜಯಂತಿ, ಭಾಷಣ ಸ್ಪರ್ಧೆ. ಮರುದಿನವೇ ಭೋಗಿ, ನಂತರ ಸಂಕ್ರಾಂತಿ, ಸೊಲ್ಲಾಪುರದಲ್ಲಿ ಸಿದ್ಧೇಶ್ವರರ ಗಡ್ಡಾ ಯಾತ್ರೆ. ಇದರ ನಡುವೆ ಚಿತ್ರಕಲೆ, ಕಂಠಪಾಠ, ಲೇಜಿಮ್ ತಾಲೀಮು, ಖೋ-ಖೋ, ಕಬಡ್ಡಿ.

ನಮ್ಮದು ಸೊಲ್ಲಾಪುರದಲ್ಲಿ ಬಟ್ಟೆಯ ಅಂಗಡಿ. ಮನೆಯಲ್ಲಿ ನಾವಿಬ್ಬರು ಹಿರಿಯರು, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಶಾಲೆಗೆ ಹೋಗುವ ನಾಲ್ಕು ಮೊಮ್ಮಕ್ಕಳು. ನಾಲ್ಕು ಮಕ್ಕಳೆಂದರೆ ಮೂರು ಶಾಲೆ. ಮೂರು ಶಾಲೆ ಎಂದರೆ ಮೂರು ಗ್ಯಾದರಿಂಗು. ಕಳೆದ ಚಳಿಗಾಲದಲ್ಲಿ ಅಡಿಗೆ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯ ಗುರುತು ಇಲ್ಲದ ವಾರವೇ ಇರಲಿಲ್ಲ. ಆ ಎರಡು ತಿಂಗಳ ಅನುಭವವನ್ನು ನಿಮ್ಮೊಡನೆ ಹಂಚಿಕೊಳ್ಳುವ ಉದ್ದೇಶ ಒಂದೇ. ಧರ್ಮದ ನಿಯಮದ ಸಲುವಾಗಿ ಮಗು ಆಟ ಬಿಡಬೇಕಾಗಿಲ್ಲ, ಆಟದ ಸಲುವಾಗಿ ನಿಯಮ ಬಿಡಬೇಕಾಗಿಲ್ಲ. ಎರಡನ್ನೂ ಕೂಡಿಸುವ ದುಡಿಮೆ ಮಾತ್ರ ನಮ್ಮದು, ದೊಡ್ಡವರದು.

ಸೂರ್ಯನ ಲೆಕ್ಕ

ಮೊದಲು ನಮ್ಮ ಮನೆಗಳ ನಿಜವಾದ ತೊಡಕು ಯಾವುದೆಂದು ನೋಡೋಣ. ಅನಸ್ತಮಿತ ವ್ರತದ ಪ್ರಕಾರ ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮೊದಲೇ ಊಟ ಮುಗಿಯಬೇಕು. ಬೇಸಿಗೆಯಲ್ಲಿ ಇದು ಕಷ್ಟವಲ್ಲ. ಏಳು ಗಂಟೆಯವರೆಗೂ ಬೆಳಕಿರುತ್ತದೆ. ಆದರೆ ಡಿಸೆಂಬರ್ ಮೊದಲ ವಾರದಲ್ಲಿ ಸೊಲ್ಲಾಪುರದ ಸೂರ್ಯ ಮುಳುಗುವುದು 5 ಗಂಟೆ 50 ನಿಮಿಷದ ಸುಮಾರಿಗೆ. ಅಂದರೆ ಊಟ 5ಕ್ಕೆ ಮುಗಿಯಬೇಕು. ಸಂಕ್ರಾಂತಿಯ ಹೊತ್ತಿಗೆ ಸೂರ್ಯಾಸ್ತ 6 ಗಂಟೆ 10ಕ್ಕೆ ಸರಿಯುತ್ತದೆ; ನಮಗೆ ಸಿಗುವ ಹೆಚ್ಚಳ ಇಪ್ಪತ್ತೇ ನಿಮಿಷ.

ಶಾಲೆ ಬಿಡುವುದು ಐದಕ್ಕೆ. ಗ್ಯಾದರಿಂಗಿನ ದಿನವಂತೂ ಮಕ್ಕಳನ್ನು ಮೂರಕ್ಕೇ ಕರೆದು ಕೂಡಿಸುತ್ತಾರೆ, ಬಣ್ಣ ಹಚ್ಚುತ್ತಾರೆ, ಆರಕ್ಕೆ ಶುರುವೆಂದು ಹೇಳಿದ ಕಾರ್ಯಕ್ರಮ ಅತಿಥಿಗಳು ಬಂದು ಏಳಕ್ಕೆ ಶುರುವಾಗುತ್ತದೆ. ನಮ್ಮ ಮಗುವಿನ ಪಾಳಿ ಬರುವಾಗ ಒಂಬತ್ತು. ನಡುವೆ ಎಂಟಕ್ಕೆ ಎಲ್ಲ ಮಕ್ಕಳಿಗೂ ಬಟಾಟಿ ವಡೆಯ ಪೊಟ್ಟಣ ಹಂಚುತ್ತಾರೆ. ರಾತ್ರಿಯೂ ಹೌದು, ಕಂದಮೂಲವೂ ಹೌದು. ಬೇರೆ ಮಕ್ಕಳು ತಿನ್ನುವಾಗ ಏಳು ವರ್ಷದ ಮಗು ಪೊಟ್ಟಣ ಕೈಯಲ್ಲಿ ಹಿಡಿದು ಕೂತಿರುವುದನ್ನು ನೋಡಿದರೆ ಯಾರಿಗಾದರೂ ಕರುಳು ಚುರ್ ಎನ್ನುತ್ತದೆ.

ಇದಕ್ಕೆ ನಮ್ಮ ಸೊಸೆಯಂದಿರು ಕಂಡುಕೊಂಡ ಉಪಾಯ ಎರಡನೆಯ ಡಬ್ಬಿ. ಮಧ್ಯಾಹ್ನದ್ದಲ್ಲದೆ ನಾಲ್ಕೂವರೆಗೆ ಇನ್ನೊಂದು ಡಬ್ಬಿ ಶಾಲೆಗೆ ಮುಟ್ಟುತ್ತದೆ. ತುಪ್ಪ ಸವರಿದ ಚಪಾತಿ, ಹೆಸರಬೇಳೆ, ಒಂದು ಬಾಳೆಹಣ್ಣು, ಒಂದು ಎಳ್ಳುಂಡಿ. ತಿಂಡಿ ಅಲ್ಲ, ಪೂರ್ತಿ ಊಟ. ಅಂಗಡಿಯ ಹುಡುಗನಲ್ಲ, ಮನೆಯವರೇ ಒಬ್ಬರು ಹೋಗಿ ಮಗುವಿನ ಮುಂದೆ ಕೂತು ಉಣ್ಣಿಸಿ ಬರಬೇಕು. ಬಣ್ಣ ಹಚ್ಚುವ ಮೊದಲೇ ಉಂಡರೆ ತುಟಿಯ ಬಣ್ಣವೂ ಉಳಿಯುತ್ತದೆ.

ಕಿರಿಯ ಸೊಸೆ ಇನ್ನೂ ಒಂದು ಕೆಲಸ ಮಾಡಿದಳು. ಗ್ಯಾದರಿಂಗಿಗೆ ಹತ್ತು ದಿನ ಮೊದಲೇ ವರ್ಗ ಶಿಕ್ಷಕಿಯನ್ನು ಕಂಡು, "ಬಾಯಿ, ಫರಾಳದ ಪೊಟ್ಟಣ ಐದರ ಒಳಗ ಕೊಡಲಿಕ್ಕೆ ಆದೀತೇನ್ರಿ? ಬಟಾಟಿ ಬದಲಿ ಬಾಳೆಹಣ್ಣು, ರಾಜಗೀರಿ ಲಾಡು ಇಟ್ಟರ ನಮ್ಮ ಮಕ್ಕಳೂ ಎಲ್ಲರ ಕೂಡ ತಿಂತಾವ" ಎಂದು ಕೇಳಿದಳು. ಫಿರ್ಯಾದಿಯ ಧಾಟಿ ಇಲ್ಲ, ವಿನಂತಿಯ ಧಾಟಿ. ಶಿಕ್ಷಕಿ ಸಂತೋಷದಿಂದ ಒಪ್ಪಿದರು. ಹೊಟ್ಟೆ ತುಂಬಿದ ಮಕ್ಕಳು ರಾತ್ರಿ ಒಂಬತ್ತರವರೆಗೂ ಗಲಾಟೆ ಮಾಡಲಿಲ್ಲವೆಂದು ಅವರೇ ಮೆಚ್ಚಿ ಹೇಳಿದರಂತೆ. ನಾವು ಕೇಳದೆ ಸುಮ್ಮನಿದ್ದರೆ ನಮ್ಮ ನಿಯಮ ಪರರಿಗೆ ಹೇಗೆ ತಿಳಿಯಬೇಕು?

ಮೊಮ್ಮಗಳ ಖೋ-ಖೋ

ಈಗ ದೊಡ್ಡ ಮಾತಿಗೆ ಬರುತ್ತೇನೆ. ಹಿರಿಯ ಮೊಮ್ಮಗಳು ಒಂಬತ್ತನೆಯ ಇಯತ್ತೆ. ಶಾಲೆಯ ಖೋ-ಖೋ ತಂಡದಲ್ಲಿ ಮೂರು ವರ್ಷದಿಂದ ಇದ್ದಾಳೆ. ಬೆಳಿಗ್ಗೆ ಆರಕ್ಕೆ, ಬಾಯಿಂದ ಹೊಗೆ ಬರುವ ಚಳಿಯಲ್ಲಿ, ಮೈದಾನಕ್ಕೆ ಹೋಗುತ್ತಾಳೆ. ಡಿಸೆಂಬರಿನಲ್ಲಿ ಅವಳ ತಂಡ ಪರಊರಿನ ಪಂದ್ಯಗಳಿಗೆ ಆಯ್ಕೆಯಾಯಿತು. ಎರಡು ರಾತ್ರಿ ಹೊರಗೆ ಉಳಿಯಬೇಕು.

ನಮ್ಮ ಸಮಾಜದಲ್ಲಿ ಹುಡುಗಿ ಎಂಟನೆಯ ಇಯತ್ತೆ ದಾಟಿದಳೆಂದರೆ ಅವಳನ್ನು ಮೈದಾನದಿಂದ ಮೆಲ್ಲಗೆ ಹಿಂದಕ್ಕೆ ಕರೆಯುವ ರೂಢಿ ಇದೆ. ಬಾಯಿಬಿಟ್ಟು ಯಾರೂ "ಬೇಡ" ಎನ್ನುವುದಿಲ್ಲ. ಊಟದ ಅಡಚಣೆ, ರಾತ್ರಿಯ ಪ್ರಯಾಣ, ದಹಾವಿಯ ಅಭ್ಯಾಸ ಎಂದು ಒಂದೊಂದೇ ಕಾರಣ ಮುಂದೆ ಬರುತ್ತದೆ. ನಮ್ಮ ಮನೆಯಲ್ಲಿಯೂ ಆ ಮಾತು ಬಂತು.

"ಮಾಮಾ, ಎರಡು ರಾತ್ರಿ ಅಂತ. ಅಲ್ಲಿ ರಾತ್ರಿ ಎಂಟಕ್ಕ ಊಟಾ ಹಾಕ್ತಾರಂತ. ಈಕೆ ಉಪವಾಸ ಓಡಬೇಕೇನ್ರಿ? ಈ ಸಲ ಬ್ಯಾಡ ಅಂದುಬಿಡೋಣು" ಎಂದಳು ಹಿರಿಯ ಸೊಸೆ. ತಾಯಿಯ ಚಿಂತೆ ಸುಳ್ಳಲ್ಲ.

ಮೊಮ್ಮಗಳು ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. "ಅಜ್ಜಾ, ನಾ ರಾತ್ರಿ ಉಣ್ಣಂಗಿಲ್ಲ. ಆದರ ಆಟಾನೂ ಬಿಡಂಗಿಲ್ಲ" ಎಂದಳು. ಅಳಲಿಲ್ಲ, ಸಿಟ್ಟಾಗಲಿಲ್ಲ.

ಮಾತು ಮುಗಿಸಿದವಳು ನನ್ನ ಮನೆಯಾಕೆ. "ಹುಡುಗಿ ವ್ರತಾ ನಡಸ್ತೀನಿ ಅಂತಾಳ, ಆಟಾನೂ ಆಡ್ತೀನಿ ಅಂತಾಳ. ಇನ್ನ ಉಳಿದ ಕೆಲಸ ನಮ್ಮದು. ನಾ ಹೋಗ್ತೀನಿ ಅಕಿ ಕೂಡ."

ಹೋದಳು ಕೂಡ, ಅರವತ್ತರ ವಯಸ್ಸಿನಲ್ಲಿ, ಮಂಡಿನೋವು ಕಟ್ಟಿಕೊಂಡು. ಕ್ರೀಡಾ ಶಿಕ್ಷಕಿಗೂ ಜೊತೆಗೊಬ್ಬ ಹಿರಿಯ ಹೆಂಗಸು ಸಿಕ್ಕಿದ್ದು ಅನುಕೂಲವೇ ಆಯಿತು. ಆ ಊರಿನ ಬಸದಿಗೆ ಫೋನ್ ಮಾಡಿ ಧರ್ಮಶಾಲೆಯಲ್ಲಿ ಒಂದು ಕೋಣೆ ಹಿಡಿದೆವು. ಬುತ್ತಿಗೆ ಹಾಲಿನಲ್ಲಿ ನಾದಿದ ದಶಮಿ, ಕಡಕ್ ಜೋಳದ ರೊಟ್ಟಿ, ಬಳ್ಳೊಳ್ಳಿ ಇಲ್ಲದ ಶೇಂಗಾ ಚಟ್ನಿ, ಅಳ್ಳಿಟ್ಟು, ಎಳ್ಳುಂಡಿ. ಸೋಸಿ ಕಾಯಿಸಿದ ನೀರಿನ ಕ್ಯಾನು ಬೇರೆ. ಎರಡು ದಿನವೂ ಪಂದ್ಯ ಬೆಳಕಿರುವಾಗಲೇ ಮುಗಿದವು. ಐದರ ಒಳಗೆ ಊಟ ಆಯಿತು. ಎರಡನೆಯ ದಿನ ಶೇಂಗಾ ಚಟ್ನಿ ಮತ್ತು ದಶಮಿಗೆ ಇಡೀ ತಂಡವೇ ಕೈ ಚಾಚಿದ್ದರಿಂದ ಬುತ್ತಿ ತೀರಿಹೋಯಿತೆಂದೂ, ಸಂಜೆಯ ಊಟಕ್ಕೆ ಬಸದಿಯ ಪಂಡಿತರ ಮನೆಯವರೇ ಬಿಸಿ ಅನ್ನ ಮಾಡಿ ಕೊಟ್ಟರೆಂದೂ ಮನೆಯಾಕೆ ಬಂದು ಹೇಳಿದಳು.

ತಂಡ ಗೆದ್ದಿತೇ ಎಂದು ಕೇಳುತ್ತೀರಿ. ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಸೋತಿತು. ಮೊಮ್ಮಗಳು ಮನೆಗೆ ಬಂದವಳೇ ಚೀಲ ಇಟ್ಟು, "ಕಡೀ ಪಾಳಿಯೊಳಗ ಖೋ ಕೊಡೋದು ತಡಾ ಆತು" ಎಂದಳು. ಸೋಲನ್ನು ಹೀಗೆ ಲೆಕ್ಕ ಹಚ್ಚಿ ಹೇಳಲು ಬಂದರೆ ಸಾಕು, ವ್ಯಾಪಾರದಲ್ಲಿಯೂ ಇದೇ ಬೇಕಾಗಿರುವುದು.

ಖೋ-ಖೋ ಹಳ್ಳಿಯ ಹುಡುಗರ ಆಟ ಎಂದು ಹಗುರವಾಗಿ ಕಾಣುವವರಿಗೆ ಒಂದು ಮಾತು. 2025ರ ಜನವರಿ 13ರಿಂದ 19ರವರೆಗೆ ದಿಲ್ಲಿಯಲ್ಲಿ ಈ ಆಟದ ಮೊದಲ ವಿಶ್ವಕಪ್ ನಡೆಯಿತು. ಗಂಡುಮಕ್ಕಳ ತಂಡವೂ ಹೆಣ್ಣುಮಕ್ಕಳ ತಂಡವೂ ಅಂತಿಮ ಪಂದ್ಯದಲ್ಲಿ ನೇಪಾಳವನ್ನು ಸೋಲಿಸಿ ಭಾರತಕ್ಕೆ ಎರಡೂ ಕಪ್ ತಂದವು. ಹೆಣ್ಣುಮಕ್ಕಳ ತಂಡದ ನಾಯಕಿ ಪ್ರಿಯಾಂಕಾ ಇಂಗಳೆ, ಗಂಡುಮಕ್ಕಳ ನಾಯಕ ಪ್ರತೀಕ ವಾಯಕರ, ಇಬ್ಬರೂ ಮಹಾರಾಷ್ಟ್ರದವರೇ. ಅಂದು ನಮ್ಮ ಮನೆಯಲ್ಲಿ ಟೀವಿಯ ಮುಂದೆ ಕೂಡಲು ಜಾಗವಿರಲಿಲ್ಲ.

ಬಸದಿಯ ರಂಗದಲ್ಲಿ ಭರತ-ಬಾಹುಬಲಿ

ಮೊಮ್ಮಗಳ ಪಂದ್ಯ ಇದ್ದ ದಿನವೇ ಬಸದಿಯಲ್ಲಿ ಮಕ್ಕಳ ನಾಟಕ. ನಡುವಿನ ಮೊಮ್ಮಗ ಬಾಹುಬಲಿ. ಆದಿಪುರಾಣದ ಆ ಪ್ರಸಂಗ ನಿಮಗೆ ಗೊತ್ತೇ ಇದೆ. ಅಣ್ಣತಮ್ಮಂದಿರ ಕಲಹದಲ್ಲಿ ಸೈನಿಕರ ರಕ್ತ ಚೆಲ್ಲಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂದು ಮೂರು ಸ್ಪರ್ಧೆ ಗೊತ್ತುಮಾಡುತ್ತಾರೆ. ಮೂರನ್ನೂ ಗೆದ್ದ ತಮ್ಮ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಲ್ಲುತ್ತಾನೆ. ಆಟದ ಮೈದಾನಕ್ಕೆ ಹೋಗುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕಥೆ ನಾನು ಕಾಣೆ. ಪಂಪ ಇದನ್ನು ಕನ್ನಡಕ್ಕೆ ತಂದದ್ದು ಕ್ರಿ.ಶ. 941ರಲ್ಲಿ. ಮರಾಠಿ ಶಾಲೆಗೆ ಹೋಗುವ ನಮ್ಮ ಹುಡುಗರು ವರ್ಷದಲ್ಲಿ ಒಮ್ಮೆಯಾದರೂ ಆ ಕಥೆಯನ್ನು ಕನ್ನಡದಲ್ಲಿ ಎತ್ತಿ ಆಡುವುದು ಇಂತಹ ರಂಗದ ಮೇಲೆಯೇ. "ಳ" ಮತ್ತು "ಲ" ತಿದ್ದುವುದಕ್ಕೆ ಅವನ ಆಯಿ ಪರಊರಿಗೆ ಹೋಗುವ ಹಿಂದಿನ ರಾತ್ರಿಯವರೆಗೂ ಕೂತಿದ್ದಳು.

ಹೀಗೆ ಆಯಿ ಮೊಮ್ಮಗಳ ಜೊತೆ, ಹಿರಿಯ ಮಗ-ಸೊಸೆ ನಾಟಕಕ್ಕೆ, ಕಿರಿಯ ಸೊಸೆ ಬಣ್ಣ ಹಚ್ಚಲು, ಕಿರಿಯ ಮಗ ಸಣ್ಣವರಿಬ್ಬರನ್ನು ಕರೆತರಲು. ನಾನು ಮಧ್ಯಾಹ್ನ ಮೂರಕ್ಕೆ ಅಂಗಡಿಯ ಬಾಗಿಲು ಹಾಕಿ ಬಸದಿಗೆ ಹೋದೆ. ಖೋ-ಖೋದಲ್ಲಿ ಎಂಟು ಜನ ಕೂತಿರುತ್ತಾರೆ, ಒಬ್ಬ ಓಡುತ್ತಾನೆ. ಅವನು ಬೆನ್ನು ಮುಟ್ಟಿ ಖೋ ಎಂದೊಡನೆ ಕೂತವನು ಎದ್ದು ಓಡಬೇಕು, ಓಡಿದವನು ಅವನ ಜಾಗದಲ್ಲಿ ಕೂಡಬೇಕು. ಆ ಎರಡು ತಿಂಗಳು ನಮ್ಮ ಮನೆಯೂ ಹಾಗೆಯೇ ನಡೆಯಿತು.

"ಅಂಗಡಿ ಮುಚ್ಚಿದರೆ ಹೇಗೆ?" ಎನ್ನಬಹುದು. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಜವಳಿಯ ಗಿರಾಕಿ ಕಡಿಮೆ. ಗ್ಯಾದರಿಂಗುಗಳು ಬರುವುದೂ ಆಗಲೇ. ಅರ್ಧ ದಿನದ ಗಲ್ಲೆ ಮರುದಿನ ತುಂಬೀತು. ತಮ್ಮ ಪಾಳಿ ಬಂದಾಗ ಮಕ್ಕಳು ಮೊದಲು ನೋಡುವುದು ಜನರ ಗುಂಪಿನಲ್ಲಿ ಮನೆಯವರ ಮುಖವನ್ನು. ಆ ಜಾಗ ಖಾಲಿ ಇದ್ದರೆ ಅದನ್ನು ಯಾವ ಚೋಪಡಿಯಲ್ಲಿ ಜಮಾ ಮಾಡುವುದು?

ಮನೆಮನೆಗೆ ಕೆಲವು ಸೂಚನೆ

1. ದೀಪಾವಳಿ ರಜೆ ಮುಗಿದೊಡನೆ ಎಲ್ಲ ಮಕ್ಕಳ ಕಾರ್ಯಕ್ರಮಗಳ ತಾರೀಖು ಕೇಳಿ ಒಂದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದೇ ದಿನ ಎರಡು ಬಂದರೆ ಯಾರು ಎಲ್ಲಿಗೆ ಎಂದು ಆಗಲೇ ಗೊತ್ತುಮಾಡಿ, ಮಕ್ಕಳಿಗೂ ಹೇಳಿ.

2. ಊಟದ ನಿಯಮವನ್ನು ಶಿಕ್ಷಕರಿಗೆ ಮೊದಲೇ ವಿನಯದಿಂದ ತಿಳಿಸಿ. ಮಗುವಿನ ಬಾಯಿಂದ ಹೇಳಿಸಬೇಡಿ, ಅದಕ್ಕೆ ಸಂಕೋಚ.

3. ಓಡುವ ಮಗುವಿಗೆ ಸಂಜೆಯ ಊಟ ಬೇಗ ಆಗುವುದರಿಂದ ಬೆಳಗಿನ ತಾಲೀಮಿನ ಮೊದಲು ಹೊಟ್ಟೆ ಪೂರ್ತಿ ಖಾಲಿ. ತಾಲೀಮು ಮುಗಿಸಿ ಬರುವಷ್ಟರಲ್ಲಿ ಹಾಲು, ಸಜ್ಜೆ ರೊಟ್ಟಿ, ಶೇಂಗಾ-ಬೆಲ್ಲ ಸಿದ್ಧವಿರಲಿ.

4. ವೇಷಭೂಷಣಕ್ಕೆ ಬಾಡಿಗೆಯ ಪೋಷಾಕಿಗಾಗಿ ಓಡಬೇಡಿ. ನಮ್ಮ ನಮ್ಮ ಅಂಗಡಿಗಳಲ್ಲಿ ಉಳಿದ ತುಂಡು ಬಟ್ಟೆ ಎಷ್ಟಿಲ್ಲ! ಬಾಹುಬಲಿಯ ಮೈಬಣ್ಣದ ಅಂಗಿಯೂ ಭರತನ ಶಲ್ಯವೂ ನಮ್ಮ ತುಂಡುಗಳಿಂದಲೇ ಆದವು. ಹೊಲಿದ ಪೋಷಾಕನ್ನು ಬಸದಿಯ ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ವರ್ಷ ಇನ್ನೊಂದು ಮನೆಗೆ ಆಗುತ್ತದೆ.

5. ಪರಊರಿನ ಪಂದ್ಯವಿದ್ದರೆ ಅಲ್ಲಿಯ ಬಸದಿ, ಧರ್ಮಶಾಲೆ, ಸಾಧರ್ಮಿಗಳ ಮನೆ ನೆನಪಿಡಿ. ನಮ್ಮ ಊರಿಗೆ ಬಂದ ಮಕ್ಕಳಿಗೂ ಹಾಗೆಯೇ ನಮ್ಮ ಬಾಗಿಲು ತೆರೆದಿರಲಿ.

ಕೊನೆಯದಾಗಿ ಒಂದು ವ್ಯಾಪಾರಿಯ ಲೆಕ್ಕ. ಮಗುವಿಗೆ ಶಾಲೆಯಲ್ಲಿ ಸಿಗುವುದು ಹತ್ತು ಚಳಿಗಾಲ. ಹತ್ತನೆಯದನ್ನು ದಹಾವಿಯ ಪರೀಕ್ಷೆ ನುಂಗುತ್ತದೆ. 2025ರಲ್ಲಿ ಆ ಪರೀಕ್ಷೆ ಫೆಬ್ರುವರಿ 21ಕ್ಕೇ ಶುರುವಾಗಿತ್ತು. ಉಳಿದದ್ದು ಒಂಬತ್ತು. ಅದರಲ್ಲಿ ಮೊದಲ ಎರಡು-ಮೂರು ಮಗುವಿಗೇ ನೆನಪಿರುವುದಿಲ್ಲ. ಹೀಗೆ ಕಳೆಯುತ್ತ ಹೋದರೆ ಕೈಗೆ ಹತ್ತುವುದು ಆರೇಳು ಚಳಿಗಾಲ ಮಾತ್ರ. ಇಷ್ಟು ಕಡಿಮೆ ಮಾಲನ್ನು ಜಾಣ ವ್ಯಾಪಾರಿ ಉದ್ರಿ ಕೊಡುವುದಿಲ್ಲ.

ಈ ವರ್ಷದ ದೀಪಾವಳಿ ಮುಗಿದ ಮೇಲೆ ನಿಮ್ಮ ಮನೆಯ ಹುಡುಗಿ "ಆಟಕ್ಕೆ ಹೋಗಲೇ?" ಎಂದು ಕೇಳಿದರೆ, ಬುತ್ತಿ ಕಟ್ಟುವುದು ಹೇಗೆ, ಜೊತೆಗೆ ಹೋಗುವವರು ಯಾರು ಎಂಬುದನ್ನು ಮೊದಲು ವಿಚಾರ ಮಾಡಿರಿ. ಬೇಡ ಎನ್ನುವ ಪ್ರಸಂಗವೇ ಬರಲಿಕ್ಕಿಲ್ಲ.

ಜೈ ಜಿನೇಂದ್ರ.