ಹಳೆಯ ಫೋರ್ಕ್‌ಲಿಫ್ಟ್: ಯಾವ ಡಬ್ಬಿಯ ತೈಲ ಯಾವ ಟ್ಯಾಂಕಿಗೆ?

ಹೊಸಕೋಟೆಯ ಪಿಳ್ಳಗುಂಪೆ ಕೈಗಾರಿಕಾ ಪ್ರದೇಶದ ಘಟಕಗಳಲ್ಲಾಗಲೀ, ಕೋಲಾರ ಹೆದ್ದಾರಿಯ ಬದಿಯ ಗೋದಾಮುಗಳಲ್ಲಾಗಲೀ ಭಾರವಾದ ಸರಕನ್ನು ಎತ್ತಿ ಇಳಿಸಲು ಫೋರ್ಕ್‌ಲಿಫ್ಟ್ ಬೇಕೇ ಬೇಕು. ಬಂಡವಾಳ ಕಡಿಮೆಯಿರುವ ಉದ್ಯಮಿಗಳು ಬಳಸಿದ ಯಂತ್ರವನ್ನು ಕೊಳ್ಳುವುದುಂಟು. ಆದರೆ ಯಂತ್ರದೊಂದಿಗೆ ಅದರ ಕೈಪಿಡಿಯೂ ದೊರೆಯುವುದು ಅಪರೂಪ. ತೊಂದರೆ ಆರಂಭವಾಗುವುದು ಅಲ್ಲಿಂದಲೇ.

ಬ್ರೇಕ್: ಮೊದಲ ಎಚ್ಚರಿಕೆ

ಕೆಲವು ಮಾದರಿಗಳ ಬ್ರೇಕಿಗೆ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಬೇಕು. ಮತ್ತೆ ಕೆಲವಕ್ಕೆ ಖನಿಜ ತೈಲ. ಇವುಗಳ ರಬ್ಬರ್ ಸೀಲುಗಳೇ ಬೇರೆ. ಒಂದರ ಬದಲು ಇನ್ನೊಂದನ್ನು ಸುರಿದರೆ ಸೀಲುಗಳು ಉಬ್ಬಿ ಕೆಡುತ್ತವೆ, ಬ್ರೇಕ್ ಕೈಕೊಡುತ್ತದೆ. ಎರಡೂವರೆ ಟನ್ ಎತ್ತುವ ಯಂತ್ರದ ಸ್ವಂತ ತೂಕವೇ ಮೂರೂವರೆ ಟನ್ನಿಗೂ ಹೆಚ್ಚು. ಪೂರ್ಣ ಹೊರೆ ಹೊತ್ತು ಸಾಗುವ ಆ ಆರು ಟನ್ ನಿಲ್ಲದೆ ಹೋದರೆ ಎದುರಿಗಿರುವ ಕಾರ್ಮಿಕನ ಗತಿಯೇನು? ಆದ್ದರಿಂದ ಯಂತ್ರದ ಫಲಕದಲ್ಲಿರುವ ಮಾದರಿ ಹಾಗೂ ಕ್ರಮಸಂಖ್ಯೆಯನ್ನು ತಯಾರಕರ ಡೀಲರಿಗೆ ತಿಳಿಸಿ, ಸರಿಯಾದ ತೈಲದ ಹೆಸರನ್ನು ಖಚಿತಪಡಿಸಿಕೊಂಡು ಟ್ಯಾಂಕಿನ ಮುಚ್ಚಳದ ಬಳಿ ಕನ್ನಡದಲ್ಲಿ ಬರೆಸುವುದು ಒಳಿತು. ಬ್ರೇಕ್ ಆಯಿಲ್ ಪದೇ ಪದೇ ಇಳಿಯುತ್ತಿದ್ದರೆ ಬರಿದೇ ತುಂಬಿಸುತ್ತಾ ಹೋಗದೆ ಸೋರಿಕೆಯನ್ನು ಹುಡುಕಬೇಕು.

ಹೈಡ್ರಾಲಿಕ್ ಆಯಿಲ್

ಫೋರ್ಕನ್ನು ಪೂರ್ತಿ ನೆಲಕ್ಕಿಳಿಸಿದ ಮೇಲೆಯೇ ಇದರ ಮಟ್ಟ ನೋಡಬೇಕು. ಎತ್ತಿದ ಸ್ಥಿತಿಯಲ್ಲಿ ತೈಲದ ಒಂದು ಭಾಗ ಸಿಲಿಂಡರಿನಲ್ಲಿರುತ್ತದೆ. ಆಗ ತುಂಬಿಸಿದರೆ ಇಳಿಸುವಾಗ ಉಕ್ಕುತ್ತದೆ. ತೈಲ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಒತ್ತಡದಲ್ಲಿರುವ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬಾರದು. ಸೂಜಿಯಂತೆ ಚಿಮ್ಮುವ ತೈಲ ಚರ್ಮದೊಳಗೆ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಬೇಕು.

ಗಂಟೆಯ ಲೆಕ್ಕ

ಫೋರ್ಕ್‌ಲಿಫ್ಟಿನ ಸೇವೆಯನ್ನು ಕಿಲೋಮೀಟರಿನಲ್ಲಲ್ಲ, ಅವರ್ ಮೀಟರಿನ ಗಂಟೆಗಳಲ್ಲಿ ಎಣಿಸುತ್ತಾರೆ. ಡೀಸೆಲ್ ಇಂಜಿನ್ ಆಯಿಲನ್ನು ಸಾಮಾನ್ಯವಾಗಿ 250 ಗಂಟೆಗೊಮ್ಮೆ, ಹೈಡ್ರಾಲಿಕ್ ಆಯಿಲನ್ನು 2,000 ಗಂಟೆಗೊಮ್ಮೆ ಬದಲಿಸುವುದು ರೂಢಿ. ತಯಾರಕರ ಸೂಚನೆಯೇ ಅಂತಿಮ. ಧೂಳು ಹೆಚ್ಚಿದ್ದಲ್ಲಿ ಏರ್ ಫಿಲ್ಟರನ್ನು ಇನ್ನೂ ಬೇಗ ನೋಡಬೇಕು. ಮೀಟರ್ ಕೆಟ್ಟಿದ್ದರೆ ಮೊದಲು ಅದನ್ನೇ ಸರಿಪಡಿಸಬೇಕು. ಬ್ಯಾಟರಿ ಯಂತ್ರವಾದರೆ, ಪ್ಲೇಟುಗಳು ಬತ್ತಿ ಕಾಣದ ಹೊರತು, ಪೂರ್ತಿ ಚಾರ್ಜ್ ಆದ ನಂತರವೇ ಡಿಸ್ಟಿಲ್ಡ್ ವಾಟರ್ ಹಾಕಬೇಕು.

ಪ್ರತಿದಿನ ಬೆಳಿಗ್ಗೆ ಚಾಲಕರು ತೈಲದ ಮಟ್ಟ, ಸೋರಿಕೆ, ಬ್ರೇಕ್, ಚೈನು, ಟೈರು ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಲಿ. ವಾರಕ್ಕೊಮ್ಮೆ ಮಾಲೀಕರೂ ಆ ಪುಟ ತಿರುವಲಿ. ದಿನಕ್ಕೆ ಹತ್ತು ನಿಮಿಷದ ಈ ಕೆಲಸ ಹಳೆಯ ಯಂತ್ರದ ಆಯುಸ್ಸನ್ನು ಹೆಚ್ಚಿಸುವುದಲ್ಲದೆ ಕಾರ್ಮಿಕರ ಜೀವವನ್ನೂ ಕಾಯುತ್ತದೆ.