ಮಗುವಿನ ಮೈಮೇಲೆ ದದ್ದು ಎದ್ದಾಗ

ಪುಟ್ಟ ಮಕ್ಕಳ ಮೈಮೇಲೆ ಏಳುವ ದದ್ದುಗಳಲ್ಲಿ ಹೆಚ್ಚಿನವು ವೈರಸ್ ಸೋಂಕಿನವು, ತಾವಾಗಿಯೇ ಇಳಿಯುತ್ತವೆ. ಆದರೆ ಬಣ್ಣ, ಆಕಾರ ನೋಡಿದಷ್ಟಕ್ಕೇ ರೋಗ ಯಾವುದೆಂದು ಹೇಳುವುದು ವೈದ್ಯರಿಗೂ ಕಷ್ಟ. ಜ್ವರ ಎಷ್ಟು ದಿನ ಮೊದಲು ಬಂತು, ದದ್ದು ಎಲ್ಲಿ ಶುರುವಾಗಿ ಎತ್ತ ಹರಡಿತು, ಗುಳ್ಳೆಯಲ್ಲಿ ನೀರು ತುಂಬಿದೆಯೇ, ಒತ್ತಿದರೆ ಬಣ್ಣ ಮಾಸುತ್ತದೆಯೇ ಎಂಬ ವಿವರಗಳಿಂದಲೇ ರೋಗದ ಗುರುತು ಸಿಗುವುದು. ಇವನ್ನು ಮೊದಲು ಕಾಣಬಲ್ಲವರು ಮನೆಯವರು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಕೆಂಪು ಎದ್ದು ತೋರುವುದಿಲ್ಲವಾದ್ದರಿಂದ ಹಗಲು ಬೆಳಕಿನಲ್ಲಿ ನೋಡಬೇಕು, ಕೈಯಿಂದ ಸವರಿ ತರಿತರಿಯಾಗಿದೆಯೇ ಎಂದು ತಿಳಿಯಬೇಕು.

ಹೆಚ್ಚು ಎಚ್ಚರ ಬೇಕಾದದ್ದು ದಡಾರದ ಬಗ್ಗೆ. ಮೊದಲು ಬರುವುದು ಜೋರು ಜ್ವರ, ನೆಗಡಿ, ಕೆಮ್ಮು, ಕೆಂಪಾಗಿ ನೀರು ಸುರಿಸುವ ಕಣ್ಣು. ಆಗ ಕೆನ್ನೆಯ ಒಳಗೋಡೆಯಲ್ಲಿ ರವೆ ಕಾಳಿನಂಥ ಬಿಳಿ ಚುಕ್ಕೆಗಳು ಕಾಣಬಹುದು. ಮೂರು-ನಾಲ್ಕು ದಿನಗಳ ಮೇಲೆ ಕಿವಿಯ ಹಿಂದೆ, ಹಣೆಯ ಕೂದಲಂಚಿನಲ್ಲಿ ದದ್ದು ಎದ್ದು ಮುಖ, ಎದೆ, ಹೊಟ್ಟೆ ದಾಟಿ ಕಾಲಿನವರೆಗೆ ಇಳಿಯುತ್ತದೆ. ದದ್ದು ಏಳುವ ನಾಲ್ಕು ದಿನ ಮೊದಲಿನಿಂದಲೇ ಮಗು ಇತರರಿಗೆ ಸೋಂಕು ಹಂಚುತ್ತಿರುತ್ತದೆ. ದದ್ದಿಗಿಂತ ದೊಡ್ಡ ಅಪಾಯ ಅದರ ಬೆನ್ನಿಗೇ ಬರುವ ನ್ಯುಮೋನಿಯಾ ಮತ್ತು ಭೇದಿಯದು. ಕಣ್ಣಿಗೂ ಪೆಟ್ಟು ಬೀಳಬಹುದು. ಅದಕ್ಕಾಗಿ ವೈದ್ಯರು ವಯಸ್ಸಿಗೆ ತಕ್ಕಂತೆ ಎರಡು ದಿನ ವಿಟಮಿನ್ ಎ ಕೊಡುತ್ತಾರೆ. ಸರ್ಕಾರಿ ಕಾರ್ಯಕ್ರಮದಲ್ಲಿ ದಡಾರ-ರುಬೆಲ್ಲಾ ಲಸಿಕೆ 9ರಿಂದ 12 ತಿಂಗಳ ನಡುವೆ ಒಮ್ಮೆ, 16ರಿಂದ 24 ತಿಂಗಳ ನಡುವೆ ಇನ್ನೊಮ್ಮೆ ಉಚಿತವಾಗಿ ಸಿಗುತ್ತದೆ. ಎರಡನೆಯದನ್ನು ಮರೆಯುವವರು ಅನೇಕರು. ರುಬೆಲ್ಲಾ ಮಕ್ಕಳಲ್ಲಿ ಸೌಮ್ಯ. ಆದರೆ ಗರ್ಭಿಣಿಗೆ ತಗುಲಿದರೆ ಹೊಟ್ಟೆಯೊಳಗಿನ ಶಿಶುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿ.

ಚಿಕನ್‌ಪಾಕ್ಸ್‌ನಲ್ಲಿ ಹೊಸ ದದ್ದು, ನೀರುಗುಳ್ಳೆ, ಒಣಗಿದ ಹಕ್ಕಳೆ ಮೂರೂ ಒಂದೇ ಹೊತ್ತಿಗೆ ಮೈಮೇಲೆ ಇರುತ್ತವೆ, ತುರಿಕೆ ವಿಪರೀತ. ಎಲ್ಲ ಗುಳ್ಳೆಗಳೂ ಹಕ್ಕಳೆ ಕಟ್ಟುವವರೆಗೆ ಮಗುವನ್ನು ಅಂಗನವಾಡಿಗೆ ಕಳಿಸಬಾರದು. ಜ್ವರಕ್ಕೆಂದು ಆಸ್ಪಿರಿನ್ ಕೊಡಲೇಬಾರದು, ಅದರಿಂದ ಮೆದುಳು, ಪಿತ್ತಜನಕಾಂಗಗಳಿಗೆ ತೀವ್ರ ತೊಂದರೆಯಾಗಬಹುದು. ‘ಅಮ್ಮ’ ಬಂದಿದೆ ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸುವ ರೂಢಿಯಿಂದ ಕೇಡೇನೂ ಇಲ್ಲ. ಮಗುವನ್ನು ಬೇರೆಯಾಗಿ ಇರಿಸುವುದು ಒಳ್ಳೆಯದೇ. ಅದೇ ನೆಪದಲ್ಲಿ ವೈದ್ಯರಿಗೆ ತೋರಿಸದೆ ಕಾಯುವುದು ಮಾತ್ರ ಕೇಡು.

ಅಂಗೈ, ಅಂಗಾಲು, ಬಾಯಿಯೊಳಗೆ ಗುಳ್ಳೆ ಎದ್ದು ಮಗು ಊಟ ಬಿಟ್ಟು ಜೊಲ್ಲು ಸುರಿಸುತ್ತಿದ್ದರೆ ಅದು ಸಾಮಾನ್ಯವಾಗಿ ಕೈ-ಕಾಲು-ಬಾಯಿ ರೋಗ. ವಾರ, ಹತ್ತು ದಿನಗಳಲ್ಲಿ ವಾಸಿಯಾಗುತ್ತದೆ. ಕೆಲವು ವಾರಗಳ ನಂತರ ಉಗುರು ಕಳಚಿದರೂ ಗಾಬರಿ ಬೇಡ, ಹೊಸದು ಬರುತ್ತದೆ. ಎರಡು ವರ್ಷದೊಳಗಿನ ಕೂಸುಗಳಲ್ಲಿ ಮೂರು-ನಾಲ್ಕು ದಿನ ಕಾದ ಜ್ವರ ಇಳಿದ ಮೇಲೆ ತಿಳಿಗೆಂಪು ದದ್ದು ಎದ್ದು, ಮಗು ಗೆಲುವಾಗಿ ಆಡುತ್ತಿದ್ದರೆ ಅದು ರೋಸಿಯೋಲಾ ಇರಬಹುದು.

ಡೆಂಗಿಯಲ್ಲೂ ಜ್ವರ ಇಳಿಯುವ ಹೊತ್ತಿಗೆ ದದ್ದು ಕಾಣಬಹುದು, ಆದರೆ ಅಲ್ಲಿ ಅಪಾಯ ಶುರುವಾಗುವುದೇ ಆಗ. ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು, ಮಂಪರು, ಕಡಿಮೆಯಾದ ಮೂತ್ರ ಕಂಡರೆ ತಡಮಾಡಬಾರದು. ಐದು ದಿನ ದಾಟಿದ ಜ್ವರದ ಜೊತೆ ಪಿಸುರಿಲ್ಲದೆ ಕೆಂಪಾದ ಕಣ್ಣು, ಬಿರಿದ ತುಟಿ, ಕೆಂಪು ನಾಲಿಗೆ, ಊದಿದ ಅಂಗೈ ಅಂಗಾಲು ಇದ್ದರೆ ಕವಾಸಾಕಿ ಕಾಯಿಲೆಯ ಶಂಕೆ ಇರಬೇಕು. ಹೃದಯದ ರಕ್ತನಾಳಗಳನ್ನು ಉಳಿಸಲು ಹತ್ತು ದಿನಗಳೊಳಗೆ ಚಿಕಿತ್ಸೆ ಸಿಗಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಉಂಟು. ಗಾಜಿನ ಲೋಟದ ಬದಿಯನ್ನು ದದ್ದಿನ ಮೇಲೆ ಒತ್ತಿ ಹಿಡಿಯಬೇಕು. ಗಾಜಿನೊಳಗಿಂದ ನೋಡಿದಾಗ ಕೆಂಪು ಅಥವಾ ನೇರಳೆ ಚುಕ್ಕೆ ಮಾಸದೆ ಹಾಗೇ ಉಳಿದರೆ ಚರ್ಮದಡಿ ರಕ್ತ ಒಸರಿದೆ ಎಂದರ್ಥ. ಡೆಂಗಿಯಲ್ಲೂ, ಪ್ರಾಣಕ್ಕೇ ಕುತ್ತಾಗುವ ಮೆನಿಂಗೊಕಾಕಲ್ ಸೋಂಕಿನಲ್ಲೂ ಹೀಗಾಗುತ್ತದೆ. ಜ್ವರವಿರುವ ಮಗುವಿನಲ್ಲಿ ಇಂಥ ಚುಕ್ಕೆ ಕಂಡರೆ, ನಡುರಾತ್ರಿಯಾದರೂ ಆಗಲೇ ಆಸ್ಪತ್ರೆಗೆ ಹೊರಡಬೇಕು. ಉಸಿರು ಏರಿದ, ಹಾಲು ಕುಡಿಯಲೊಲ್ಲದ, ಎಬ್ಬಿಸಿದರೂ ಏಳದ ಮಗುವಿಗೂ, ಜ್ವರ ಬಂದ ಮೂರು ತಿಂಗಳೊಳಗಿನ ಕೂಸಿಗೂ ಇದೇ ಅವಸರ ಸಲ್ಲುತ್ತದೆ. ಅವರ ಚುಕ್ಕೆ ಮಾಸಿದರೂ ಸರಿಯೇ.