ಅಂಬಾರಿಗೆ ಮೈಕ್ ಇದೆ, ಕಬಡ್ಡಿಗೆ ಯಾಕಿಲ್ಲ?

ಮೈಸೂರು: ಕಾಲೇಜು ಮೈದಾನದಲ್ಲಿ ಶಿಳ್ಳೆ, ಚಪ್ಪಾಳೆ, ‘ಹಿಡಿಯೋ ಹಿಡಿಯೋ’ ಎಂಬ ಕೂಗು. ಅಂತರ ಕಾಲೇಜು ಕಬಡ್ಡಿಯ ಫೈನಲ್. ದೇವರಾಜ ಮಾರುಕಟ್ಟೆಯಲ್ಲಿ ವ್ಯಾಪಾರ ಬಿಟ್ಟು ಏಳಲಾಗದ ಅಪ್ಪನಿಗೆ ಮಗ ಗೆದ್ದನೋ ಸೋತನೋ ತಿಳಿಯುವುದು ಹೇಗೆ? ಆಟ ಮುಗಿದ ಮೇಲೆ ಮಗನೇ ಫೋನ್ ಮಾಡಬೇಕು. ಇಲ್ಲಾ, ಮಾರನೇ ದಿನ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಹುಡುಕಬೇಕು. ಅಂಗಡಿಯ ರೇಡಿಯೋ ಮಾತ್ರ ತನ್ನ ಪಾಡಿಗೆ ತಾನು ಹಾಡುತ್ತಲೇ ಇರುತ್ತೆ.

ಈ ಊರಿನ ರೇಡಿಯೋ ಹುಟ್ಟಿದ್ದೇ ಕಾಲೇಜು ಮೇಷ್ಟರ ಮನೆಯಲ್ಲಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ‘ವಿಠ್ಠಲ ವಿಹಾರ’ದಲ್ಲಿ ಪುಟ್ಟ ಪ್ರಸಾರ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹೋದದ್ದು ಈ ಊರಿನಿಂದಲೇ. ಆದರೆ ಆ ಕಾಲೇಜುಗಳ ಹುಡುಗರ ಆಟ ಅದೇ ಬಾನುಲಿಯಲ್ಲಿ ನೇರವಾಗಿ ಕೇಳಿಬರುವುದು ಅಪರೂಪ.

ವೀಕ್ಷಕ ವಿವರಣೆ ಕೊಡಲು ಬರುವುದಿಲ್ಲವೇ? ಚೆನ್ನಾಗಿಯೇ ಬರುತ್ತೆ. ಪ್ರತಿ ವಿಜಯದಶಮಿಗೆ ಯಾದವಗಿರಿಯ ಆಕಾಶವಾಣಿ ಜಂಬೂಸವಾರಿಯನ್ನು ಹೆಜ್ಜೆ ಹೆಜ್ಜೆಗೂ ವರ್ಣಿಸುತ್ತದೆ. ದೂರದರ್ಶನ ಚಂದನವೂ ಕ್ಯಾಮೆರಾ ಇಡುತ್ತದೆ. ಆನೆಯ ನಡಿಗೆಯನ್ನು ಮಾತಿನಲ್ಲಿ ಕಟ್ಟಿಕೊಡಬಲ್ಲವರಿಗೆ ರೈಡರ್‌ನ ಓಟ ಕಷ್ಟವೇ?

ಕಾನೂನು ಅಡ್ಡ ಬರುತ್ತೆ ಅನ್ನೋ ಮಾತೂ ನಿಲ್ಲುವುದಿಲ್ಲ. ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಓದುವಂತಿಲ್ಲ, ನಿಜ. ಆದರೆ ಸ್ಥಳೀಯ ಮಟ್ಟದ ಕ್ರೀಡೆಗಳ ನೇರ ವಿವರಣೆಗೆ ಅವಕಾಶ ಉಂಟೆಂದು ಕೇಂದ್ರ ಸರ್ಕಾರದ 2011ರ ಎಫ್‌ಎಂ ನೀತಿಯೇ ಹೇಳಿದೆ. ಬಾಗಿಲು ತೆರೆದಿದೆ, ಒಳಗೆ ಕಾಲಿಡುವವರು ಬೇಕು.

ವೇಳೆಯ ಲೆಕ್ಕವನ್ನೂ ನೋಡಿ. ಪುರುಷರ ಕಬಡ್ಡಿ ಎಂದರೆ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಮೈಸೂರಲ್ಲಿ ಬಸ್ ಹತ್ತಿದವರು ನಂಜನಗೂಡಲ್ಲಿ ಇಳಿಯುವಷ್ಟರಲ್ಲಿ ಪಂದ್ಯ ಮುಗಿದಿರುತ್ತೆ. ಬೇಕಾದದ್ದು ಮಾತು ಬಲ್ಲ ಇಬ್ಬರು, ಅಂಕ ಬರೆಯುವವನೊಬ್ಬ, ಕೇಂದ್ರಕ್ಕೊಂದು ಫೋನ್ ಸಂಪರ್ಕ. ಖರ್ಚಿಗೆ ಸಯ್ಯಾಜಿರಾವ್ ರಸ್ತೆಯ ನಾಲ್ಕು ಅಂಗಡಿಗಳ ಜಾಹೀರಾತು ಕೇಳಿದರೆ ಇಲ್ಲ ಅನ್ನುವವರುಂಟೇ? ಆಡುವವರು ಅವರದೇ ಗಿರಾಕಿಗಳ ಮಕ್ಕಳು.

ದೊಡ್ಡ ಕೂಟಕ್ಕೆ ಟಿವಿಯವರು ಓಡಿ ಬರುತ್ತಾರೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ದೇಶವೇ ನೋಡಿತು. ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೇರಿತು. ಅಲ್ಲಿಗೆ ಹೋಗುವ ಮಕ್ಕಳು ಹತ್ತುವ ಮೊದಲ ಮೆಟ್ಟಿಲು ಅಂತರ ಕಾಲೇಜು ಪಂದ್ಯ. ಆ ಮೆಟ್ಟಿಲಲ್ಲಿ ಕ್ಯಾಮೆರಾನೂ ಇಲ್ಲ, ಮೈಕೂ ಇಲ್ಲ. ಮೊಬೈಲ್‌ನಲ್ಲಿ ಗೆಳೆಯರು ಹಿಡಿದ ಚಿತ್ರವೇ ಗತಿ. ಅದರಲ್ಲಿ ಕೂಗು ಕೇಳುತ್ತೆ, ಅಂಕ ಎಷ್ಟು ಅಂತ ಹೇಳುವವರಿಲ್ಲ.

ಈ ಊರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದ ಜಾವಗಲ್ ಶ್ರೀನಾಥ್ 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಮುಂದೆ 236 ಟೆಸ್ಟ್ ವಿಕೆಟ್ ಕಿತ್ತರು. ಆಸ್ಟ್ರೇಲಿಯಾದ ಮೈದಾನದಿಂದ ಮೈಸೂರಿನ ಮನೆಗೆ ಸುದ್ದಿ ಮುಟ್ಟಿಸಲು ರೇಡಿಯೋ, ಟಿವಿ ಎಲ್ಲ ಇದ್ದವು. ನಮ್ಮ ಓವಲ್ ಮೈದಾನದಿಂದ ಮಾರುಕಟ್ಟೆಗೆ ಮುಟ್ಟಿಸಲು ಮಾತ್ರ ಯಾರೂ ಇಲ್ಲ.

ಎಲ್ಲರೂ ಶ್ರೀನಾಥ್ ಆಗುವುದಿಲ್ಲ, ಸರಿ. ಹೆಚ್ಚಿನವರು ಪದವಿ ಮುಗಿಸಿ ಕೆಲಸಕ್ಕೆ ಅಲೆಯುತ್ತಾರೆ, ಅಪ್ಪನ ಅಂಗಡಿಯಲ್ಲಿ ಕೂರುತ್ತಾರೆ. ಅವರ ಹೆಸರು ಊರಿನ ಕಿವಿಗೆ ಬೀಳಲು ಇರುವುದು ಆ ಮೂರೇ ವರ್ಷ. ಮುಂದಿನ ಫೈನಲ್ ದಿನವಾದರೂ ಒಂದು ಮೈಕ್ ಮೈದಾನಕ್ಕೆ ಬರಲಿ. ಮಾರುಕಟ್ಟೆಯ ಅಪ್ಪ ತಕ್ಕಡಿ ಹಿಡಿದುಕೊಂಡೇ ಮಗನ ಹೆಸರು ಕೇಳಲಿ.